ಟ್ಯೂಬ್ ಇರುವ ಇನ್ಸುಲಿನ್ ಪಂಪೋ, ಟ್ಯೂಬ್ ಇಲ್ಲದ್ದೋ? ಮುಂಬಯಿಯಲ್ಲಿ ಇದ್ದುಕೊಂಡು ಆರಿಸುವುದು ಹೇಗೆ

ಮಾಟುಂಗದಿಂದ, ಡೊಂಬಿವಲಿಯಿಂದ, ವಾಶಿಯಿಂದ ನಮ್ಮ ಕನ್ನಡದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಡಾಕ್ಟ್ರು ಪಂಪ್ ಹಾಕಿಸಿ ಅಂದಿದ್ದಾರೆ. ಟ್ಯೂಬ್ ಇರೋದು ತಗೊಳ್ಳೋದಾ, ಇಲ್ಲದ್ದಾ?" ಪಂಪ್ ಅಂದರೆ ದಿನಾ ಸೂಜಿ ಚುಚ್ಚುವ ಬದಲು ಮೈಗೆ ಇನ್ಸುಲಿನ್ ಹರಿಸುವ ಪುಟ್ಟ ಯಂತ್ರ. ಕೇಳುವವರಲ್ಲಿ ಜಾಸ್ತಿ ಜನ ಟೈಪ್ 1 ಡಯಾಬಿಟಿಸ್ ಇರುವ ಮಕ್ಕಳ ಅಪ್ಪ ಅಮ್ಮ. ಉಳಿದವರು ದಿನಕ್ಕೆ ನಾಲ್ಕು ಸಲ ಚುಚ್ಚಿಕೊಂಡು ಸಾಕಾಗಿರುವ ದೊಡ್ಡವರು. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಟ್ಯೂಬ್ ಕಣ್ಣಿಗೆ ಬೀಳುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಮೊದಲು ಕೇಳುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಎರಡು. ತಿಂಗಳು ತಿಂಗಳು ಬೇಕಾದ ಸಾಮಾನು ಇಲ್ಲಿ ತಪ್ಪದೆ ಸಿಗುತ್ತದಾ? ಇನ್ಸುಲಿನ್ ಹರಿಯುವುದು ನಿಂತರೆ ನಿಮಗೆ ಹೇಗೆ ಗೊತ್ತಾಗುತ್ತದೆ, ಆಗ ಏನು ಮಾಡುತ್ತೀರಿ? ಈ ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ಟ್ಯೂಬಿನ ವಿಚಾರ ಅರ್ಧ ತಾನಾಗಿಯೇ ಬಗೆಹರಿಯುತ್ತದೆ. ಡೋಸ್ ಎಷ್ಟು, ಪಂಪ್ ನಿಮಗೆ ಸರಿಹೋಗುತ್ತದಾ ಅನ್ನುವುದನ್ನು ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು.

ಶುರುವಿಗೆ ನಾಲ್ಕು ಪದ

ಬೇಸಲ್ ಅಂದರೆ ದಿನವಿಡೀ ಹನಿಹನಿಯಾಗಿ ಒಳಗೆ ಹೋಗುವ ಇನ್ಸುಲಿನ್. ಬೋಲಸ್ ಅಂದರೆ ಊಟಕ್ಕೆ, ಅಥವಾ ಏರಿದ ಶುಗರ್ ಇಳಿಸುವುದಕ್ಕೆ ಒಮ್ಮೆಲೇ ಕೊಡುವ ಡೋಸ್. ಕ್ಯಾನುಲಾ ಅಂದರೆ ಚರ್ಮದ ಕೆಳಗೆ ಕೂರುವ ಸಣ್ಣ ಮೆದು ನಳಿಕೆ. ಕೀಟೋನ್ ಅಂದರೆ ಇನ್ಸುಲಿನ್ ಸಾಲದಾದಾಗ ದೇಹ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುವ ಆಮ್ಲ. ಅದು ಏರಿದರೆ ಆಸ್ಪತ್ರೆಯೇ ಗತಿ.

ಹಂತ 1: ಎರಡನ್ನೂ ಕೈಯಲ್ಲಿ ಹಿಡಿದು ನೋಡಿ

ಟ್ಯೂಬ್ ಇರುವ ಪಂಪ್ ಸೊಂಟಕ್ಕೋ ಜೇಬಿಗೋ ಸೇರುವ ಯಂತ್ರ. ಅದರೊಳಗೆ ಇನ್ಸುಲಿನ್ ತುಂಬಿದ ರಿಸರ್ವಾಯರ್. ಅಲ್ಲಿಂದ ಒಂದು ತೆಳು ಟ್ಯೂಬ್ ಹೊರಟು ಹೊಟ್ಟೆಯ ಮೇಲೋ ತೊಡೆಯ ಮೇಲೋ ಅಂಟಿಸಿದ ಕ್ಯಾನುಲಾಕ್ಕೆ ಹೋಗುತ್ತದೆ. ಟ್ಯೂಬ್ ಮತ್ತು ಕ್ಯಾನುಲಾ ಎರಡನ್ನೂ ಸೇರಿಸಿ ಇನ್ಫ್ಯೂಷನ್ ಸೆಟ್ ಅನ್ನುತ್ತಾರೆ. ಸಾಮಾನ್ಯ ಸೆಟ್ಟನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಮೆಡ್‌ಟ್ರಾನಿಕ್‌ನ ಮಿನಿಮೆಡ್ ಪಂಪ್‌ಗಳು.

ಟ್ಯೂಬ್ ಇಲ್ಲದ್ದು ನೇರವಾಗಿ ಮೈಗೆ ಅಂಟುತ್ತದೆ. ಅದಕ್ಕೆ ಪಾಡ್ ಅಥವಾ ಪ್ಯಾಚ್ ಪಂಪ್ ಅನ್ನುತ್ತಾರೆ. ಎಲ್ಲರ ಬಾಯಲ್ಲಿರುವ ಹೆಸರು ಅಮೆರಿಕದ ಇನ್ಸುಲೆಟ್ ಕಂಪನಿಯ ಓಮ್ನಿಪಾಡ್. ಸುಮಾರು ಐದು ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ದಪ್ಪ. ಇನ್ಸುಲಿನ್, ಬ್ಯಾಟರಿ, ಕ್ಯಾನುಲಾ ಎಲ್ಲ ಒಂದರಲ್ಲೇ. ಮೂರು ದಿನ ಆದ ಮೇಲೆ ಪೂರ್ತಿ ಪಾಡನ್ನೇ ಬಿಸಾಡಬೇಕು. ಊಟದ ಬೋಲಸ್ ಕೊಡಲು ಬೇರೆ ಕಂಟ್ರೋಲರ್ ಅಥವಾ ಫೋನ್ ಬೇಕು. ಯಂತ್ರದ ಭಾಗ ಉಳಿಸಿಕೊಂಡು ಇನ್ಸುಲಿನ್ ಇರುವ ಭಾಗ ಮಾತ್ರ ಬಿಸಾಡುವ ಪ್ಯಾಚ್ ಪಂಪ್‌ಗಳೂ ಇವೆ.

ಡಾಕ್ಟರ ಹತ್ತಿರ ಡೆಮೊ ತುಂಡು ಇರುತ್ತದೆ, ಕೇಳಿ. ಖಾಲಿ ಪಾಡನ್ನೋ ಸೆಟ್ಟನ್ನೋ ಅಂಟಿಸಿಕೊಂಡು ಎರಡು ದಿನ ಓಡಾಡಿ. ಚಿತ್ರ ನೋಡಿ ತೀರ್ಮಾನಿಸಬೇಡಿ.

ಹಂತ 2: ಸಾಮಾನು ಎಲ್ಲಿಂದ ಬರುತ್ತದೆ ಎಂದು ಕೇಳಿ

ಹೆಚ್ಚಿನವರು ಈ ಹಂತಕ್ಕೆ ಕೊನೆಗೆ ಬರುತ್ತಾರೆ. ಮೊದಲೇ ಬನ್ನಿ.

ಮೂರು ದಿನಕ್ಕೊಂದು ಅಂದರೆ ತಿಂಗಳಿಗೆ ಹತ್ತು, ವರ್ಷಕ್ಕೆ ಸುಮಾರು 122. ಬಿದ್ದುಹೋಗುವುದು, ಮಡಚಿಕೊಳ್ಳುವುದು, ಅಂಟು ಬಿಡುವುದು ಇದ್ದೇ ಇರುತ್ತದೆ. ಹಾಗಾಗಿ ತಿಂಗಳಿಗೆ ಹನ್ನೊಂದು ಹನ್ನೆರಡು ಇಟ್ಟುಕೊಂಡೇ ಲೆಕ್ಕ ಹಾಕಿ. ಇಷ್ಟನ್ನು ನಿಮಗೆ ಯಾರು ಕೊಡುತ್ತಾರೆ? ಮುಂಬಯಿಯಲ್ಲಿ ಸ್ಟಾಕ್ ಇರುತ್ತದಾ, ಆರ್ಡರ್ ಕೊಟ್ಟ ಮೇಲೆ ಬೇರೆ ಊರಿಂದ ಬರಬೇಕಾ? ಪಂಪ್ ಕೆಟ್ಟರೆ ಬದಲಿ ಪಂಪ್ ಎಷ್ಟು ದಿನಕ್ಕೆ ಕೈಗೆ ಬರುತ್ತದೆ?

ಟ್ಯೂಬ್ ಇಲ್ಲದ ಪಂಪ್‌ಗಳಲ್ಲಿ ನಮ್ಮ ದೇಶದಲ್ಲಿ ಆಯ್ಕೆ ಕಡಿಮೆ. "ದುಬೈಯಲ್ಲಿ ಭಾವ ಇದ್ದಾರೆ, ಅಮೆರಿಕದಲ್ಲಿ ಮಗಳು ಇದ್ದಾಳೆ, ತರಿಸಿಕೊಳ್ತೇವೆ" ಅನ್ನುವವರು ಇದ್ದಾರೆ. ಆಸೆ ಅರ್ಥವಾಗುತ್ತದೆ. ಆದರೆ ಯೋಚಿಸಿ. ಒಂದು ಪಾಡ್ ಹಾಕಿದ ಹತ್ತು ನಿಮಿಷಕ್ಕೇ ಕೆಟ್ಟು ಕೂಗಿದರೆ, ಆ ದೇಶದಲ್ಲಿ ಕೊಂಡವರಿಗೆ ಸಿಗುವ ಬದಲಿ ಪಾಡ್ ನಿಮಗೆ ಮುಲುಂಡಿನಲ್ಲಿ ಸಿಗುತ್ತದಾ? ಭಾವ ಊರಿಗೆ ಬರುವುದು ಎರಡು ತಿಂಗಳು ತಡವಾದರೆ? ಪಾಡ್‌ಗೂ ಎಕ್ಸ್‌ಪೈರಿ ತಾರೀಕು ಇರುತ್ತದೆ, ನೆನಪಿಡಿ. ನೆಂಟರ ಸೂಟ್‌ಕೇಸ್ ನಂಬಿಕೊಂಡು ಮಗುವಿನ ಇನ್ಸುಲಿನ್ ನಡೆಸಬೇಡಿ ಅಂತಲೇ ನಾನು ಹೇಳುವುದು. ಎಷ್ಟು ಒಳ್ಳೆಯ ಯಂತ್ರವಾದರೂ ಅಷ್ಟೇ.

ಇಲ್ಲಿ ಅಧಿಕೃತವಾಗಿ ಮಾರುವ ವೈದ್ಯಕೀಯ ಸಾಧನದ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಇರಬೇಕು. ಹಣ ಕೊಡುವ ಮೊದಲು ಪೆಟ್ಟಿಗೆ ತಿರುಗಿಸಿ ನೋಡಿ.

ಹಂತ 3: ದಿನಕ್ಕೆ ಎಷ್ಟು ಯೂನಿಟ್ ಬೇಕು, ಬರೆದಿಡಿ

ಕಾಗದ, ಪೆನ್ನು ತೆಗೆದುಕೊಳ್ಳಿ. ಬೇಸಲ್ ಮತ್ತು ಬೋಲಸ್ ಸೇರಿ ಒಂದು ದಿನದ ಒಟ್ಟು ಯೂನಿಟ್ ಬರೆಯಿರಿ.

ದಿನಕ್ಕೆ 80 ಯೂನಿಟ್ ಬೇಕಾಗುವ ದೊಡ್ಡವರಿದ್ದಾರೆ ಅಂದುಕೊಳ್ಳಿ. ಮೂರು ದಿನಕ್ಕೆ 240. ಈಗಿನ ಮಿನಿಮೆಡ್ ರಿಸರ್ವಾಯರ್ 300 ಯೂನಿಟ್ ಹಿಡಿಯುತ್ತದೆ, ಆರಾಮಾಗಿ ಸಾಕು. ಓಮ್ನಿಪಾಡ್ ಹಿಡಿಯುವುದು 200. ಎರಡೂವರೆ ದಿನಕ್ಕೇ ಖಾಲಿ. ತಿಂಗಳಿಗೆ ಹತ್ತು ಪಾಡ್ ಬದಲು ಹನ್ನೆರಡು ಆಯಿತು.

ಈಗ ದಿನಕ್ಕೆ 12 ಯೂನಿಟ್ ಸಾಕಾಗುವ ಪುಟ್ಟ ಮಗು. ಮೂರು ದಿನಕ್ಕೆ 36. ಓಮ್ನಿಪಾಡ್ ಕೆಲಸ ಶುರು ಮಾಡಲು ಕನಿಷ್ಠ 85 ಯೂನಿಟ್ ತುಂಬಲೇಬೇಕು. ಪ್ರತಿ ಸಲ ಐವತ್ತರಷ್ಟು ಯೂನಿಟ್ ಪಾಡಿನ ಜೊತೆ ಕಸಕ್ಕೆ ಹೋಗುತ್ತದೆ. ಟ್ಯೂಬ್ ಪಂಪಿನಲ್ಲೂ ಟ್ಯೂಬ್ ತುಂಬಿಸಲು ಹತ್ತು ಯೂನಿಟ್ ಆಸುಪಾಸು ವ್ಯರ್ಥ ಆಗುತ್ತದೆ, ಆದರೂ ನಷ್ಟ ಕಡಿಮೆ.

ಬೇಸಲ್ ತೀರಾ ಕಡಿಮೆ ಇರುವ ಮಕ್ಕಳಿಗೆ ಇನ್ನೊಂದು ಮಾತು. ಮಿನಿಮೆಡ್‌ನಲ್ಲಿ ಬೇಸಲನ್ನು ಗಂಟೆಗೆ 0.025 ಯೂನಿಟ್ ಲೆಕ್ಕದಲ್ಲಿ ಹೊಂದಿಸಬಹುದು. ಓಮ್ನಿಪಾಡ್‌ನಲ್ಲಿ 0.05. ದೊಡ್ಡವರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಪುಟ್ಟ ಮಗುವಿಗೆ ರಾತ್ರಿ ಹೊತ್ತು ಇದೆ.

ಎಚ್ಚರ: ನಮ್ಮ ದೇಶದಲ್ಲಿ ಎರಡು ಸಾಂದ್ರತೆಯ ಇನ್ಸುಲಿನ್ ವಯಲ್ ಸಿಗುತ್ತದೆ. ಒಂದು ಮಿಲಿಗೆ 40 ಯೂನಿಟ್, ಇನ್ನೊಂದು ಮಿಲಿಗೆ 100 ಯೂನಿಟ್. ಪಂಪಿಗೆ 100ರದ್ದೇ ಬೇಕು, ಅದರಲ್ಲೂ ನೊವೊರ‍್ಯಾಪಿಡ್, ಹ್ಯೂಮಲಾಗ್ ತರಹದ ಬೇಗ ಕೆಲಸ ಮಾಡುವ ಇನ್ಸುಲಿನ್. 40ರ ವಯಲಿನಿಂದ ತುಂಬಿದರೆ ಪಂಪ್ ಹತ್ತು ಯೂನಿಟ್ ಕೊಟ್ಟೆ ಅನ್ನುತ್ತದೆ, ಮೈಗೆ ಹೋಗಿರುವುದು ನಾಲ್ಕೇ. ಮೆಡಿಕಲ್ ಸ್ಟೋರಿನ ಹುಡುಗ ಕೊಟ್ಟದ್ದನ್ನು ಹಾಗೇ ಚೀಲಕ್ಕೆ ಹಾಕಿಕೊಳ್ಳಬೇಡಿ. ಅಲ್ಲೇ ನಿಂತು ಲೇಬಲ್ ಓದಿ.

ಹಂತ 4: ಸೆನ್ಸರ್ ಜೋಡಿ ನೋಡಿ

ಈಗಿನ ಪಂಪ್‌ಗಳು ಮೈಗೆ ಅಂಟಿಕೊಂಡು ಶುಗರ್ ಅಳೆಯುತ್ತಿರುವ ಸೆನ್ಸರ್ ಜೊತೆ ಮಾತಾಡಿಕೊಂಡು ಬೇಸಲನ್ನು ತಾವೇ ಹೆಚ್ಚು ಕಡಿಮೆ ಮಾಡುತ್ತವೆ. ಮಿನಿಮೆಡ್ 780ಜಿ, ಓಮ್ನಿಪಾಡ್ 5 ಎರಡೂ ಈ ಬಗೆಯವು. ರಾತ್ರಿ ಶುಗರ್ ಇಳಿಯುವ ಭಯ ಇರುವ ಮನೆಗೆ ಟ್ಯೂಬ್ ಇರುವುದಕ್ಕಿಂತ, ಇಲ್ಲದಿರುವುದಕ್ಕಿಂತ ಇದು ದೊಡ್ಡ ಅನುಕೂಲ.

ಆದರೆ ಯಾವ ಸೆನ್ಸರ್ ಬೇಕಾದರೂ ಯಾವ ಪಂಪಿಗೂ ಕೂಡುವುದಿಲ್ಲ. ತೋಳಿನ ಮೇಲೆ ಈಗಾಗಲೇ ಒಂದು ಸೆನ್ಸರ್ ಇದೆ, ಅದನ್ನೇ ಜೋಡಿಸಿದರಾಯಿತು ಅಂದುಕೊಂಡು ಪಂಪ್ ಕೊಳ್ಳಬೇಡಿ. ಯಾವ ಸೆನ್ಸರಿನ ಯಾವ ಮಾದರಿ ಎಂದು ಕೇಳಿ, ಮಾರುವವರಿಂದ ಬರೆಸಿಕೊಳ್ಳಿ. ಸೆನ್ಸರ್ ಖರ್ಚು ಪಂಪಿನ ಸಾಮಾನಿನ ಖರ್ಚಿಗಿಂತ ಬೇರೆ. ಇದನ್ನು ಮರೆತು ಬಜೆಟ್ ಹಾಕಿದವರು ಆಮೇಲೆ ಸೆನ್ಸರ್ ನಿಲ್ಲಿಸುತ್ತಾರೆ, ಪಂಪಿನ ಅರ್ಧ ಉಪಯೋಗ ಅಲ್ಲಿಗೇ ಮುಗಿಯುತ್ತದೆ.

ಹಂತ 5: ನಿಮ್ಮ ಒಂದು ದಿನಕ್ಕೆ ಹಾಕಿ ನೋಡಿ

ಬೆಳಿಗ್ಗೆ ಏಳುವುದರಿಂದ ಮಲಗುವವರೆಗಿನ ದಿನವನ್ನು ಒಮ್ಮೆ ಮನಸ್ಸಿನಲ್ಲೇ ನಡೆಸಿ.

ಸ್ನಾನ. ಟ್ಯೂಬ್ ಪಂಪಾದರೆ ಸೆಟ್ಟಿನಿಂದ ಕಳಚಿ ಪಕ್ಕಕ್ಕಿಟ್ಟು ಸ್ನಾನ ಮಾಡುತ್ತಾರೆ. ಒಂದು ಗಂಟೆಗಿಂತ ಜಾಸ್ತಿ ಕಳಚಿ ಇಡಬಾರದು. ಕಳಚಿದ್ದನ್ನು ಮರಳಿ ಹಾಕಲು ಮರೆಯುವುದೇ ಇದರ ದೊಡ್ಡ ತೊಂದರೆ, ಶಾಲೆಗೆ ಓಡುವ ಮಕ್ಕಳಲ್ಲಂತೂ ಇನ್ನೂ ಜಾಸ್ತಿ. ಪಾಡ್ ಮೈಮೇಲೇ ಇರುತ್ತದೆ, ನೀರಿಗೆ ಹೆದರಬೇಕಿಲ್ಲ. ಈಜುವ ಮಕ್ಕಳಿಗೆ, ಶನಿವಾರ ಭಾನುವಾರ ಸಮುದ್ರಕ್ಕೆ ಇಳಿಯುವವರಿಗೆ ಪಾಡ್ ನಿಜವಾಗಿಯೂ ಹಗುರ.

ಲೋಕಲ್ ಟ್ರೈನ್. ಇದನ್ನು ಕೊಂಚ ಬಿಡಿಸಿ ಹೇಳಬೇಕು. ಬೆಳಿಗ್ಗೆ ಎಂಟೂವರೆಯ ಫಾಸ್ಟ್ ಗಾಡಿಯಲ್ಲಿ ಠಾಣೆಯಿಂದ ದಾದರಿಗೆ ಹೋಗುವವರಿಗೆ ಮೈಗೆ ಮೈ ತಾಗದ ಜಾಗವೇ ಇಲ್ಲ. ಟ್ಯೂಬ್ ಅಂಗಿಯಿಂದ ಹೊರಗೆ ಒಂದು ಬೆರಳಿನಷ್ಟು ಇಣುಕಿದರೂ ಪಕ್ಕದವರ ಬ್ಯಾಗಿನ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಇಳಿಯುವ ರಭಸಕ್ಕೆ ಸೆಟ್ಟೇ ಕಿತ್ತು ಬರುತ್ತದೆ. ಇದಕ್ಕೆ ಸುಲಭದ ಉಪಾಯ ಇದೆ. ಕ್ಯಾನುಲಾದ ಪಕ್ಕದಲ್ಲೇ ಟ್ಯೂಬನ್ನು ಒಂದು ಸಣ್ಣ ಸುತ್ತು ಸುತ್ತಿ ಮೈಕ್ರೋಪೋರ್ ಟೇಪಿನಿಂದ ಚರ್ಮಕ್ಕೆ ಅಂಟಿಸಿ. ಎಳೆತ ಬಂದರೆ ಮೊದಲು ಟೇಪ್ ಬಿಡುತ್ತದೆ, ಕ್ಯಾನುಲಾ ಉಳಿಯುತ್ತದೆ. ಟ್ಯೂಬುಗಳು ಬೇರೆ ಬೇರೆ ಉದ್ದದಲ್ಲಿ ಸಿಗುತ್ತವೆ. ಪಂಪನ್ನು ಸೊಂಟದಲ್ಲಿ ಇಡುವವರು ಗಿಡ್ಡ ಟ್ಯೂಬನ್ನೇ ಕೇಳಿ.

ಪಾಡಿಗೂ ಗಾಡಿಯಲ್ಲಿ ಕಷ್ಟ ಇದೆ. ಮೇಲಿನ ಹಿಡಿಕೆ ಹಿಡಿದು ನಿಲ್ಲುವ ತೋಳಿನ ಮೇಲೆ ಪಾಡ್ ಇದ್ದರೆ ಜನರ ಭುಜಕ್ಕೆ ಉಜ್ಜಿ ಅಂಚು ಏಳುತ್ತದೆ. ಹಿಡಿಕೆ ಹಿಡಿಯದ ತೋಳಿಗೆ ಹಾಕಿ, ಇಲ್ಲವೇ ಹೊಟ್ಟೆಗೆ ಹಾಕಿ. ಇನ್ನೊಂದು: ಫೋನ್ ಅಥವಾ ಕಂಟ್ರೋಲರ್ ಕಳುವಾದರೆ ಪಾಡ್ ಬೇಸಲ್ ಕೊಡುತ್ತಲೇ ಇರುತ್ತದೆ, ಆದರೆ ಊಟಕ್ಕೆ ಬೋಲಸ್ ಕೊಡುವ ದಾರಿ ಇರುವುದಿಲ್ಲ. ಟ್ಯೂಬ್ ಪಂಪಿನಲ್ಲಿ ಗುಂಡಿಗಳು ಪಂಪಿನ ಮೇಲೇ ಇವೆ.

ಬಟ್ಟೆ. ಸೀರೆ ಉಡುವ ಹೆಂಗಸರು ಟ್ಯೂಬ್ ಪಂಪ್ ಎಲ್ಲಿ ಇಡೋದು ಎಂದು ಕೇಳುತ್ತಾರೆ. ಲಂಗದ ಸೊಂಟದ ಪಟ್ಟಿಯ ಒಳಗಡೆ ಒಂದು ಜೇಬು ಹೊಲಿಸಿ. ಜೇಬಿನ ಹಿಂಬದಿಗೆ ಟೈಲರ್ ಹತ್ತಿರ ಒಂದು ಕಾಜಾ ಹಾಕಿಸಿ, ಟ್ಯೂಬ್ ಅದರೊಳಗಿಂದ ಒಳಗೇ ಹೋಗಲಿ. ನೆರಿಗೆಯ ಕೆಳಗೆ ಪಂಪ್ ಇರುವುದು ಯಾರಿಗೂ ಕಾಣುವುದಿಲ್ಲ. ಆದರೆ ಲಾಡಿಯ ಗಂಟು ಬೀಳುವ ಜಾಗದಲ್ಲಿ ಕ್ಯಾನುಲಾ ಹಾಕಬೇಡಿ. ಪಾಡ್ ಆದರೆ ಬಿಗಿ ತೋಳಿನ ರವಿಕೆಯ ಅಂಚಿನಿಂದ ಎರಡು ಬೆರಳು ದೂರ ಇರಲಿ. ಹೊಟ್ಟೆಗೆ ಹಾಕುವಾಗ ಯಾವ ಬಗೆಯದಾದರೂ ಹೊಕ್ಕುಳಿಂದ ಐದು ಸೆಂಟಿಮೀಟರ್ ದೂರ. ಪ್ರತಿ ಸಲ ಜಾಗ ಬದಲಿಸಿ. ಒಂದೇ ಕಡೆ ಹಾಕಿದರೆ ಅಲ್ಲಿ ಗಂಟು ಕಟ್ಟುತ್ತದೆ, ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ.

ಬೆವರು. ಅಕ್ಟೋಬರಿನ ಸೆಕೆ, ಜೂನಿನ ತೇವ ಎರಡಕ್ಕೂ ಅಂಟು ಸೋಲುತ್ತದೆ. ಹಾಕುವ ಜಾಗವನ್ನು ಒರೆಸಿ ಪೂರ್ತಿ ಒಣಗಲು ಬಿಡಿ. ಎಣ್ಣೆ, ಪೌಡರ್, ಲೋಷನ್ ಯಾವುದೂ ಬೇಡ. ಪಾಡ್ ಭಾರ ಜಾಸ್ತಿ, ಅಂಟು ಬಿಟ್ಟರೆ ಕ್ಯಾನುಲಾ, ಇನ್ಸುಲಿನ್, ಯಂತ್ರ ಎಲ್ಲ ಒಟ್ಟಿಗೆ ಹೋಯಿತು. ಟ್ಯೂಬ್ ಪಂಪಿನಲ್ಲಿ ಸೆಟ್ ಒಂದೇ ಹೋಗುತ್ತದೆ. ತುಂಬಾ ಬೆವರುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಊಟ. ತುಪ್ಪದ ಮಸಾಲೆ ದೋಸೆ ತಿಂದರೆ ಶುಗರ್ ತಡವಾಗಿ ಏರಿ ತುಂಬಾ ಹೊತ್ತು ನಿಲ್ಲುತ್ತದೆ. ಬೋಲಸನ್ನು ಎರಡು ಮೂರು ಗಂಟೆಗೆ ಹಂಚಿ ಕೊಡುವ ಸೌಲಭ್ಯ ಹಲವು ಪಂಪ್‌ಗಳಲ್ಲಿದೆ. ಮಿನಿಮೆಡ್ 780ಜಿ ಪೂರ್ತಿ ಆಟೋ ಮೋಡಿನಲ್ಲಿರುವಾಗ ಈ ಸೌಲಭ್ಯ ಇರುವುದಿಲ್ಲ, ಅದು ಐದೈದು ನಿಮಿಷಕ್ಕೆ ತಾನೇ ನೋಡಿ ಸರಿಮಾಡುತ್ತದೆ.

ಹಂತ 6: ಇನ್ಸುಲಿನ್ ನಿಂತರೆ ಏನು ಮಾಡುತ್ತೀರಿ, ಈಗಲೇ ಯೋಚಿಸಿ

ಪಂಪ್ ಹಾಕಿದವರ ಮೈಯಲ್ಲಿ ಲ್ಯಾಂಟಸ್, ಟ್ರೆಸಿಬಾ ತರಹದ ದೀರ್ಘಕಾಲದ ಇನ್ಸುಲಿನ್ ಇರುವುದಿಲ್ಲ. ಇರುವುದೆಲ್ಲ ಬೇಗ ಕೆಲಸ ಮಾಡಿ ಬೇಗ ಮುಗಿಯುವಂಥದ್ದು. ಹರಿವು ನಿಂತರೆ ಕೆಲವೇ ಗಂಟೆಯಲ್ಲಿ ಕೀಟೋನ್ ಏರತೊಡಗುತ್ತದೆ. ಎರಡು ಬಗೆಯ ಪಂಪಿಗೂ ಈ ಅಪಾಯ ಒಂದೇ. ಗುರುತು ಹಿಡಿಯುವ ರೀತಿ ಮಾತ್ರ ಬೇರೆ.

ಟ್ಯೂಬಿನಲ್ಲಿ ಗಾಳಿಗುಳ್ಳೆ ಬಂದರೆ ಬೆಳಕಿಗೆ ಹಿಡಿದರೆ ಕಾಣುತ್ತದೆ. ಪಾಡಿನಲ್ಲಿ ಒಳಗೇನಾಗಿದೆ ಎಂದು ಕಾಣುವುದಿಲ್ಲ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಇನ್ಸುಲಿನ್ ಹಾಗೇ ತುಂಬಿದರೆ ಬೆಚ್ಚಗಾಗುವಾಗ ಗುಳ್ಳೆ ಏಳುತ್ತದೆ, ಹಾಗಾಗಿ ಮೊದಲು ಹೊರಗಿಟ್ಟು ಕೋಣೆಯ ಉಷ್ಣಾಂಶಕ್ಕೆ ಬರಲು ಬಿಡಿ. ತೆಳ್ಳಗಿನವರಲ್ಲಿ ಮೆದು ಕ್ಯಾನುಲಾ ಒಳಗೇ ಮಡಚಿಕೊಳ್ಳುವುದು ಇದೆ. ಟ್ಯೂಬ್ ಪಂಪಿನ ಸೆಟ್‌ಗಳಲ್ಲಿ ಉದ್ದ, ಗಿಡ್ಡ, ಓರೆಯಾಗಿ ಹೋಗುವುದು, ಸ್ಟೀಲ್ ಸೂಜಿ ಎಲ್ಲ ಸಿಗುತ್ತವೆ, ಒಂದು ಸರಿಹೋಗದಿದ್ದರೆ ಇನ್ನೊಂದು. ಓಮ್ನಿಪಾಡಿನಲ್ಲಿ ಬಂದದ್ದೇ ಕ್ಯಾನುಲಾ. ಪದೇ ಪದೇ ಮಡಚಿಕೊಳ್ಳುವವರಿಗೆ ಇದೊಂದೇ ಕಾರಣಕ್ಕೆ ನಾನು ಟ್ಯೂಬ್ ಪಂಪ್ ಹೇಳುತ್ತೇನೆ.

ಸೋರಿಕೆ ಇದೆಯಾ ಎಂದು ತಿಳಿಯಲು ಮೂಗು ಸಾಕು. ಅಂಟಿನ ಪಟ್ಟಿಯನ್ನು ಬೆರಳಲ್ಲಿ ಒತ್ತಿ ಮೂಸಿ ನೋಡಿ. ಇನ್ಸುಲಿನ್ನಿನಲ್ಲಿ ಕೆಡದಂತೆ ಹಾಕಿರುವ ರಾಸಾಯನಿಕಕ್ಕೆ ಫಿನಾಯಿಲಿನ ಘಾಟು ಇರುತ್ತದೆ. ಆ ವಾಸನೆ ಬಂದರೆ ಇನ್ಸುಲಿನ್ ಮೈಗೆ ಹೋಗದೆ ಹೊರಗೆ ಹೋಗುತ್ತಿದೆ.

ಕಾರಣ ಗೊತ್ತಿಲ್ಲದೆ ಶುಗರ್ 250 ದಾಟಿದರೆ ಈ ಕ್ರಮ ಇಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಿ ನಿಮ್ಮ ಲೆಕ್ಕಕ್ಕೆ ತಿದ್ದಿಸಿಕೊಳ್ಳಿ:

ಮೊದಲು ಕೀಟೋನ್ ನೋಡಿ. ರಕ್ತದ ಕೀಟೋನ್ 0.6 ಒಳಗಿದ್ದರೆ ಪಂಪಿನಿಂದ ಒಂದು ಬೋಲಸ್ ಕೊಟ್ಟು ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಶುಗರ್ ಇಳಿಯದಿದ್ದರೆ, ಅಥವಾ ಕೀಟೋನ್ ಮೊದಲೇ 0.6 ದಾಟಿದ್ದರೆ, ಪಂಪನ್ನು ನಂಬಬೇಡಿ. ಇನ್ಸುಲಿನ್ ಪೆನ್ನಿನಿಂದ ಅಥವಾ ಸಿರಿಂಜಿನಿಂದ ಚುಚ್ಚಿಕೊಳ್ಳಿ. ಆಮೇಲೆ ಸೆಟ್ ಅಥವಾ ಪಾಡ್ ಬದಲಿಸಿ. 1.5 ದಾಟಿದರೆ ಡಾಕ್ಟರಿಗೆ ಫೋನ್. 3 ಮುಟ್ಟಿದರೆ, ಅಥವಾ ವಾಂತಿ ಶುರುವಾದರೆ, ಸುಮ್ನೆ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಹಾಗಾಗಿ ಯಾವ ಪಂಪ್ ಇದ್ದರೂ ಚೀಲದಲ್ಲಿ ಪೆನ್ನು ಅಥವಾ ಸಿರಿಂಜು ಇರಬೇಕು. ಸಿರಿಂಜಿಗೂ 40, 100 ಇದೆ. 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ, 40ರದ್ದಕ್ಕೆ ಕೆಂಪು. ಜೊತೆಗೆ ಒಂದು ವಯಲ್, ಎರಡು ಸೆಟ್ ಅಥವಾ ಎರಡು ಪಾಡ್, ಬ್ಯಾಟರಿ, ಕೀಟೋನ್ ಪಟ್ಟಿ, ಗ್ಲೂಕೋಸ್. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಜನ ರಾತ್ರಿಯಿಡೀ ಆಫೀಸಿನಲ್ಲಿ, ರಸ್ತೆಯಲ್ಲಿ ಉಳಿದದ್ದು ಇಲ್ಲಿನವರಿಗೆ ನೆನಪಿದೆ ಅಲ್ವಾ? ಮಳೆಗಾಲದಲ್ಲಿ ಚೀಲ ಒಂದು ರಾತ್ರಿಯ ಲೆಕ್ಕಕ್ಕೆ ತಯಾರಿರಲಿ.

ಹಂತ 7: ದುಡ್ಡಿನ ಲೆಕ್ಕ

ಟ್ಯೂಬ್ ಪಂಪಿಗೆ ಶುರುವಿನಲ್ಲಿ ಲಕ್ಷಗಳಲ್ಲಿ ಒಂದು ದೊಡ್ಡ ಮೊತ್ತ, ಆಮೇಲೆ ತಿಂಗಳ ಖರ್ಚು. ಪಾಡಿಗೆ ಶುರುವಿನ ಖರ್ಚು ಕಡಿಮೆ, ಬಿಸಾಡುವ ವಸ್ತು ದುಬಾರಿ. ಎರಡನ್ನೂ ನಾಲ್ಕು ವರ್ಷಕ್ಕೆ ಹಾಕಿ ಹೋಲಿಸಿ. ಸೆನ್ಸರ್, ಇನ್ಸುಲಿನ್, ವ್ಯರ್ಥವಾಗುವ ಯೂನಿಟ್ ಎಲ್ಲ ಸೇರಿಸಿ.

ಆರೋಗ್ಯ ವಿಮೆ ಇದೆ ಎಂದು ಧೈರ್ಯ ತಂದುಕೊಳ್ಳಬೇಡಿ. ಮೈಗೆ ಹೊರಗಿನಿಂದ ಹಾಕುವ ಉಪಕರಣಗಳನ್ನು ಬಹಳಷ್ಟು ಪಾಲಿಸಿಗಳು ಹೊರಗಿಡುತ್ತವೆ. ವಿಮೆ ಕಂಪನಿಗಾಗಲಿ, ನೌಕರಿಯ ಕಡೆಯ ಯೋಜನೆಗಾಗಲಿ, ಕೊಳ್ಳುವ ಮೊದಲೇ ಡಾಕ್ಟರ ಪತ್ರದೊಂದಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಸಾಲ ಮಾಡಿ ಪಂಪ್ ಕೊಂಡು ತಿಂಗಳ ಸಾಮಾನಿಗೆ ಒದ್ದಾಡುವುದಕ್ಕಿಂತ, ಸೆನ್ಸರ್ ಜೊತೆ ಪೆನ್ನಿನಲ್ಲೇ ಚೆನ್ನಾಗಿ ನಡೆಸುವುದು ಮೇಲು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಖಾಸಗಿ ಡಾಕ್ಟರ ಫೀಸ್ ಭಾರ ಅನ್ನುವವರು ಪರೇಲಿನ ಕೆಇಎಂ ಆಸ್ಪತ್ರೆಯ ಎಂಡೋಕ್ರೈನಾಲಜಿ ವಿಭಾಗಕ್ಕೆ ಹೋಗಿ ಕೇಳಬಹುದು. ಅದು ಪಾಲಿಕೆಯ ಆಸ್ಪತ್ರೆ.

ಹಂತ 8: ಶುರು ಮಾಡುವ ವಾರ

ಇಷ್ಟಾದ ಮೇಲೆ ಆರಿಸಿ. ಇಲ್ಲೇ ಸಾಮಾನು ಸಿಗುತ್ತದೆ, ಇನ್ಸುಲಿನ್ ಜಾಸ್ತಿ ಬೇಕು, ಇಲ್ಲವೇ ತೀರಾ ಪುಟ್ಟ ಮಗು ಅಂದರೆ ಈಗಿನ ಸ್ಥಿತಿಯಲ್ಲಿ ನಾನು ಟ್ಯೂಬ್ ಪಂಪ್ ಕಡೆಗೇ ವಾಲುತ್ತೇನೆ. ಅಧಿಕೃತ ಮಾರಾಟಗಾರರಿಂದ ಪಾಡ್ ತಪ್ಪದೆ ಸಿಗುವಂತಿದ್ದು, ದಿನಕ್ಕೆ 60 ಯೂನಿಟ್ ಒಳಗೆ ಸಾಕಾಗಿ, ಕಬಡ್ಡಿ, ಈಜು, ಭರತನಾಟ್ಯ ಅಂತ ಓಡಾಡುವ ಹುಡುಗ ಹುಡುಗಿಯರಾದರೆ ಪಾಡ್ ಬೇಡ ಅನ್ನಲಾರೆ. ಹದಿಹರೆಯದ ಮಕ್ಕಳನ್ನು ಕೇಳದೆ ಮಾತ್ರ ತೀರ್ಮಾನ ಬೇಡ. ಮೈಮೇಲೆ ಹಾಕಿಕೊಳ್ಳುವುದು ಅವರು. ಇಷ್ಟವಿಲ್ಲದ ಪಂಪನ್ನು ಅವರು ಕಳಚಿಟ್ಟೇ ಇಡುತ್ತಾರೆ.

ತರಬೇತಿಗೆ ಮನೆಯ ಇಬ್ಬರು ಹೋಗಿ. ಸೆಟ್ ಹಾಕುವುದನ್ನು ತೋರಿಸಿದರೆ ಸಾಲದು, ನಿಮ್ಮ ಕೈಯಲ್ಲೇ ಮಾಡಿಸಲಿ. ಹೇಳಿದ್ದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಅರ್ಧ ಅರ್ಥವಾದರೆ ಸಂಕೋಚ ಬೇಡ, ಮತ್ತೆ ಹೇಳಿಸಿಕೊಳ್ಳಿ, ವಿಡಿಯೊ ಮಾಡಿಕೊಳ್ಳಿ. ಈಗಿನ ಬೇಸಲ್, ಊಟದ ಲೆಕ್ಕ, ಎಲ್ಲ ಸೆಟ್ಟಿಂಗನ್ನೂ ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಪಂಪ್ ಕೆಟ್ಟು ಹೊಸದು ಬಂದ ದಿನ ಅದೇ ಬೇಕಾಗುತ್ತದೆ. ಎಂಆರ್‌ಐ ಮಾಡಿಸುವುದಿದ್ದರೆ ಯಾವ ಪಂಪನ್ನೂ ಒಳಗೆ ಒಯ್ಯುವಂತಿಲ್ಲ. ಟ್ಯೂಬ್ ಪಂಪನ್ನು ಕಳಚಿ ಆಮೇಲೆ ಹಾಕಬಹುದು, ಆದರೆ ಸ್ಟೀಲ್ ಸೂಜಿಯ ಸೆಟ್ ಇದ್ದರೆ ಅದನ್ನೂ ತೆಗೆಯಬೇಕು. ತೆಗೆದ ಪಾಡ್ ಮತ್ತೆ ಅಂಟುವುದಿಲ್ಲ, ಆದ್ದರಿಂದ ಪಾಡ್ ಬದಲಿಸುವ ದಿನಕ್ಕೇ ಸ್ಕ್ಯಾನ್ ತಾರೀಕು ತೆಗೆದುಕೊಳ್ಳಿ.

ಸೆಟ್ ಅಥವಾ ಪಾಡ್ ಬದಲಿಸುವುದನ್ನು ರಾತ್ರಿ ಮಲಗುವ ಮುಂಚೆ ಇಟ್ಟುಕೊಳ್ಳಬೇಡಿ. ಕ್ಯಾನುಲಾ ಸರಿಯಾಗಿ ಕೂರದಿದ್ದರೆ ಅದು ಗೊತ್ತಾಗುವುದು ನೀವು ನಿದ್ದೆಯಲ್ಲಿರುವಾಗ. ಬೆಳಿಗ್ಗೆ ತಿಂಡಿಗೆ ಮುಂಚೆ ಬದಲಿಸಿ, ಎರಡು ಗಂಟೆ ಬಿಟ್ಟು ಶುಗರ್ ನೋಡಿ. ಶಾಲೆಗೆ ಹೋಗುವ ಮಗುವಾದರೆ ಸಂಜೆ ಮನೆಗೆ ಬಂದ ಕೂಡಲೇ ಮಾಡಿ, ಮಲಗುವ ಮುಂಚೆ ಎರಡು ಸಲ ನೋಡಲು ಸಮಯ ಸಿಗುತ್ತದೆ.